ಹಿಂದಕ್ಕೆ ಬಿಡುವ ಪಾಠ

ಬಾಗಲಗುಂಟೆ
೯-೧-೧೯೬೪

ಉಸ್ತಾದ್ ಮಜೀದ್,

ಇಲ್ಲ, ಹಾಗೆ ಶುರುಮಾಡಿದರೆ ಸರಿಹೋಗುವುದಿಲ್ಲ. ಕ್ಷಮಿಸು, ಇದು ನಾಲ್ಕನೆಯ ಸಲ ಬರೆಯುತ್ತಿರುವುದು. ಹಿಂದಿನ ಮೂರರಲ್ಲೂ ನಿನ್ನ ಕ್ಷೇಮ ಕೇಳಿದ್ದೆ. ಆರು ವರ್ಷ ಕೇಳದವನು ಈಗ ಕೇಳಿದರೆ ನೀನು ಆ ಸಾಲಿಗೇ ಕಾಗದ ಹರಿದು ಹಾಕುತ್ತೀಯ ಎನ್ನಿಸಿತು. ಅದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ನನಗೆ ಲಾರಿ ಓಡಿಸುವುದನ್ನು ಕಲಿಸು. ಕಾಗದದಲ್ಲಿ.

ನಗಬೇಡ. ಹಿರಿಯೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದೀಯೆಂದು ಪೂನಾ ರಸ್ತೆಯ ಡ್ರೈವರೊಬ್ಬ ಹೇಳಿದ. ಕಾಗದಗಳನ್ನು ಇಂದಿಗೂ ನಿನ್ನ ಮನೆಯಾಕೆ ಸಬೀರಮ್ಮನೇ ಓದಿ ಹೇಳುತ್ತಾಳೆಂದುಕೊಂಡಿದ್ದೇನೆ. ನಮಸ್ಕಾರ ತಂಗಿ.

ನಾನು ಇಲ್ಲಿ ಕೃಷ್ಣಯ್ಯನವರ ಇಟ್ಟಿಗೆ ಗೂಡಿನ ಲಾರಿಯಲ್ಲಿ ಈಗಲೂ ಕ್ಲೀನರ್. ಡ್ರೈವರ್ ಚನ್ನಕೇಶವ ಯುಗಾದಿ ಆದ ಮೇಲೆ ಮದರಾಸು ಲೈನಿಗೆ ಹೋಗುತ್ತಾನೆ. ಮೊನ್ನೆ ಕೃಷ್ಣಯ್ಯನವರು ಕರೆದು ಹೇಳಿದರು: “ನೋಡು ಮಾರಯ್ಯ, ಯುಗಾದಿಯೊಳಗೆ ಲೈಸೆನ್ಸ್ ತಂದ್ರೆ ಸ್ಟೇರಿಂಗ್ ನಿಂದು. ಇಲ್ದಿದ್ರೆ ಹೊರಗಿಂದ ಡ್ರೈವರ್ ಬರ್ತಾನೆ. ಅವನು ಅವನ ಕ್ಲೀನರ್‌ನ ಜೊತೆಗೇ ಕರ್ಕೊಂಡ್ ಬರ್ತಾನೆ. ರೂಮೂ ಅವರಿಗೇ ಬಿಡ್ಬೇಕಾಗುತ್ತೆ.”

ರೂಮೆಂದರೆ ಗೂಡಿನ ಪಕ್ಕದ ಶೀಟಿನ ಮನೆ. ನಾನು, ಹೆಂಡತಿ ಮುನಿಶಾಮಮ್ಮ, ಅವಳ ಉಬ್ಬಸ, ಮೂವರೂ ಅದರಲ್ಲೇ ಇದ್ದೇವೆ. ಐವತ್ತು ವರ್ಷದ ಕ್ಲೀನರನ್ನು ಬೇರೆ ಯಾರು ಇಟ್ಟುಕೊಳ್ಳುತ್ತಾರೆ? ಸ್ಟೆಪ್ನಿ ಟೈರು ಎತ್ತಿದರೆ ಸೊಂಟ ಹಿಡಿಯುತ್ತದೆ. ಚಿಕ್ಕ ಹುಡುಗರು ‘ಕ್ಲೀನರ್ ತಾತ’ ಎನ್ನುತ್ತಾರೆ.

ಯಶವಂತಪುರದಲ್ಲಿ ಡ್ರೈವಿಂಗ್ ಕಲಿಸುವವನೊಬ್ಬನ ಬೋರ್ಡು ನೋಡಿ ಒಳಗೆ ಹೋದೆ. “ಬನ್ನಿ ತಾತ, ಮಗನ್ನ ಸೇರಿಸ್ಬೇಕಾ?” ಎಂದ. ನಾನೇ ಕಣಪ್ಪ ಎಂದೆ. ಅವನ ಹತ್ತಿರ ಇರುವುದು ಒಂದು ಮಾರಿಸ್ ಕಾರು. ಅದರಲ್ಲಿ ಕಲಿತವನಿಗೆ ಲಾರಿ ಲೈಸೆನ್ಸ್ ಕೊಡುವುದಿಲ್ಲವಂತೆ. ಹಾಗಾಗಿ ಬೆಳಿಗ್ಗೆ ಅರ್ಧ ಗಂಟೆ ಹೆಸರಘಟ್ಟ ರಸ್ತೆಯಲ್ಲಿ ಚನ್ನಕೇಶವನೇ ಗುರು. ಅವನ ಪಾಠವೆಂದರೆ ಬೈಗುಳ. “ಬಿಡು ಅಂದ್ರೆ ಹಿಡೀತೀಯ, ಹಿಡಿ ಅಂದ್ರೆ ಬಿಡ್ತೀಯ, ಏನ್ ಗುರು ನೀನು!” ಯಾವುದನ್ನು, ಎಷ್ಟು, ಯಾಕೆ ಎಂದು ಹೇಳಲು ಅವನಿಗೆ ಬರುವುದಿಲ್ಲ.

ನಿನಗೆ ಬರುತ್ತದೆ. ಹದಿನಾಲ್ಕು ವರ್ಷ ನಿನ್ನ ಎಡಗಡೆ ಕೂತಿದ್ದೆ. ಎಡಕ್ಕೆ ನೋಡುವುದು, ಹಿಂದಕ್ಕೆ ನೋಡುವುದು ನನ್ನ ಕೆಲಸ. ನಿನ್ನ ಕಾಲು ಏನು ಮಾಡುತ್ತಿತ್ತು ಎಂದು ಒಂದು ದಿನವೂ ನೋಡಲಿಲ್ಲ.

ಸಿಮೆಂಟ್ ಗೋದಾಮಿನಲ್ಲಿ ನಮ್ಮ ಲಾರಿ ಹಿಂದಕ್ಕೆ ಬಂದು ಹಮಾಲಿ ಪಿಳ್ಳಣ್ಣನ ಕಾಲು ಹೋದದ್ದು, ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದು, ನೀನು ಆರು ತಿಂಗಳು ಒಳಗಿದ್ದದ್ದು, ಇದನ್ನೆಲ್ಲ ಈ ಕಾಗದದಲ್ಲಿ ತರುವುದಿಲ್ಲ. ನನಗೆ ಬೇರೆ ದಾರಿ ಇಲ್ಲ ಉಸ್ತಾದ್. ಇದ್ದಿದ್ದರೆ ನಿನಗೆ ಬರೆಯುವ ಮುಖ ನನಗಿರಲಿಲ್ಲ.

ನಿನ್ನ ಎಡಗಡೆಯವನು,
ಚಿಕ್ಕಮಾರಯ್ಯ


ಹಿರಿಯೂರು
೨೨-೧-೧೯೬೪

ಮಾರಯ್ಯ,

ಕಾಗದ ಬಂತು. ಕ್ಲಚ್ ಒತ್ತುವಾಗ ಒಂದೇ ಏಟಿಗೆ ಒತ್ತು, ಬಿಡುವಾಗ ಮನಸ್ಸಿನಲ್ಲೇ ಮೂರು ಎಣಿಸಿ ಬಿಡು. ಹಳೆಯ ಗಾಡಿಯಾದರೆ ಗೇರು ಬದಲಿಸಲು ಎರಡು ಸಲ ಒತ್ತಬೇಕು. ಒಂದು ಸಲ ಒತ್ತಿ ಗೇರು ತೆಗೆ, ಕಾಲು ಬಿಡು, ಮತ್ತೆ ಒತ್ತಿ ಇನ್ನೊಂದಕ್ಕೆ ಹಾಕು. ಗೇರಿನ ಕಡೆ ನೋಡಬೇಡ, ಕಿವಿಯಲ್ಲಿ ಕೇಳು. ಕಿರುಚಿದರೆ ತಪ್ಪು ನಿನ್ನದು, ಗಾಡಿಯದಲ್ಲ. ಬ್ರೇಕನ್ನು ನಂಬಿ ಓಡಿಸಬೇಡ. ಮೊದಲು ಇಷ್ಟು ಕಲಿ.

ಮಜೀದ್

ಮಾರಣ್ಣ, ಮೇಲಿನದು ಅವರು ಹೇಳಿ ಬರೆಸಿದ್ದು. ಇದು ಅವರಿಗೆ ತಿಳಿಯದಂತೆ ನಾನು ಬರೆಯುತ್ತಿರುವುದು. ನಿಮ್ಮ ಕಾಗದ ಬಂದ ದಿನ ಅವರು ಊಟ ಮಾಡಲಿಲ್ಲ. ಮಾರನೆಯ ದಿನ ತಾವಾಗಿಯೇ “ಇನ್ನೊಂದ್ಸಲ ಓದು” ಎಂದರು. ಅಂಗಡಿಗೆ ಬಂದ ಲಾರಿಯನ್ನು ಎರಡು ಅಡಿ ಮುಂದಕ್ಕೆ ತರಬೇಕೆಂದರೂ ಇವರು ಹತ್ತುವುದಿಲ್ಲ. ಅವರವರ ಡ್ರೈವರನ್ನೇ ಕರೆಯುತ್ತಾರೆ. ಆದರೆ ನಿಮಗೆ ಇದನ್ನು ಹೇಳುವಾಗ ಮಂಚದ ಮೇಲೆ ಕೂತವರ ಎಡಗಾಲು ಒತ್ತುತ್ತಿತ್ತು, ಬಿಡುತ್ತಿತ್ತು. ನಾನು ನೋಡಿದೆ.

ನೀವು ಕೋರ್ಟಿನಲ್ಲಿ ಕಂಡದ್ದನ್ನು ಕಂಡಂತೆ ಹೇಳಿದಿರಿ. ಅದಕ್ಕಾಗಿ ನಾನು ನಿಮ್ಮನ್ನು ಯಾವತ್ತೂ ಬೈದಿಲ್ಲ. ಬರೆಯುತ್ತಿರಿ.

ಸಬೀರಾ


ಬಾಗಲಗುಂಟೆ
೧೬-೨-೧೯೬೪

ಉಸ್ತಾದ್,

ಮೂರು ಎಣಿಸುವುದು ಬಂತು. ಗೇರು ಕಿರುಚುವುದು ದಿನಕ್ಕೆ ಎರಡೇ ಸಲ. ನಿನ್ನೆ ದಾಸರಹಳ್ಳಿಯವರೆಗೆ ಹೋಗಿ ಬಂದೆ. ಚನ್ನಕೇಶವ ಬಾಯಿ ಮುಚ್ಚಿಕೊಂಡು ಕೂತಿದ್ದ. ಅವನ ಮಟ್ಟಿಗೆ ಅದೇ ಶಹಬಾಸ್.

ಕೈ ಸನ್ನೆಗಳನ್ನು ಮನೆಯಲ್ಲೇ ಕಲಿಯುತ್ತಿದ್ದೇನೆ. ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು, ಬಲಗೈ ಹೊರಗೆ ಚಾಚಿದರೆ ಬಲಕ್ಕೆ, ಸುತ್ತ ತಿರುಗಿಸಿದರೆ ಎಡಕ್ಕೆ, ಮೇಲೆ ಎತ್ತಿದರೆ ನಿಲ್ಲಿಸುತ್ತೇನೆ ಎಂದು. ಮುನಿಶಾಮಮ್ಮ ಹೊರಗಿನಿಂದ ಬಂದವಳು ನಿಂತು ನೋಡಿದಳು. “ಯಾರ್ನ ಕರೀತಾ ಇದೀರ, ಕಾಗೆನಾ?” ಎಂದಳು. ಆಮೇಲೆ ನಕ್ಕಳು, ನಕ್ಕಿದ್ದಕ್ಕೆ ಉಬ್ಬಸ ಎದ್ದು ಅರ್ಧ ಗಂಟೆ ಗೋಡೆಗೊರಗಿ ಕೂತಳು. ಉಸಿರು ಸಿಕ್ಕ ಮೇಲೆ ಅವಳು ಕೇಳಿದ್ದು ಒಂದೇ: “ರೂಮ್ ಬಿಡ್ಬೇಕಾಗುತ್ತಾ?” ಇಲ್ಲ ಎಂದೆ. ಯಾವ ಧೈರ್ಯದಲ್ಲಿ ಎಂದೆನೋ.

ಈಗ ಕಷ್ಟದ ವಿಷಯ. ನನಗೆ ಹಿಂದಕ್ಕೆ ಬಿಡಲು ಬರುವುದಿಲ್ಲ. ಬರುವುದಿಲ್ಲ ಎಂದರೆ ಇನ್ನೂ ಒಂದು ಸಲವೂ ಬಿಟ್ಟಿಲ್ಲ. ಆ ಸಂದರ್ಭ ಬಂದಾಗಲೆಲ್ಲ ನಾನು ಇಳಿಯುತ್ತೇನೆ, ಚನ್ನಕೇಶವ ಸೀಟಿಗೆ ಜರುಗುತ್ತಾನೆ, ನಾನು ಹಿಂದೆ ಹೋಗಿ ನಿಂತು ‘ಬರ್ಲಿ ಬರ್ಲಿ’ ಎನ್ನುತ್ತೇನೆ. ಇಬ್ಬರಿಗೂ ಅದೇ ಸುಲಭ. ಟೆಸ್ಟಿನಲ್ಲಿ ಮಾತ್ರ ಎರಡು ಡ್ರಮ್ಮುಗಳ ನಡುವೆ ನಾನೇ ಬಿಡಬೇಕು, ಹಿಂದೆ ಯಾರೂ ನಿಂತಿರುವುದಿಲ್ಲ.

ಹೋದ ವಾರ ಇಟ್ಟಿಗೆ ಇಳಿಸಿ ಬರುವಾಗ ಆ ಗೋದಾಮಿನ ಮುಂದೆ ಹಾದುಹೋದೆವು. ಪಿಳ್ಳಣ್ಣ ಬಾಗಿಲಲ್ಲಿ ಬೀಡಿ ತಟ್ಟೆ ಇಟ್ಟುಕೊಂಡು ಕೂತಿರುತ್ತಾನೆ. ಸ್ಟೇರಿಂಗಿನಲ್ಲಿ ನನ್ನನ್ನು ನೋಡಿ ಕೂಗಿದ: “ಏನ್ ಮಾರಣ್ಣ, ಡ್ರೈವರ್ ಆಗ್ಬುಟ್ಯಾ? ಇಂದಕ್ಕೆ ಬರೋ ಮುಂಚೆ ಏಳಪ್ಪಾ, ಇರೋ ಒಂದು ಕಾಲ್ನ ಒಳಕ್ಕೆ ಎಳ್ಕಂತೀನಿ!” ಸುತ್ತಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ನನ್ನ ಗಾಡಿ ಅಲ್ಲೇ ಆಫ್ ಆಯಿತು.

ಹಿಂದಕ್ಕೆ ಬಿಡುವುದನ್ನು ಹೇಳಿಕೊಡು. ಟೆಸ್ಟು ಮಾರ್ಚಿ ಹತ್ತಕ್ಕೆ.

ಚಿಕ್ಕಮಾರಯ್ಯ


ಹಿರಿಯೂರು
೧-೩-೧೯೬೪

ಮಾರಯ್ಯ,

ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಹ್ಯಾಂಡ್ ಬ್ರೇಕ್ ಎಳೆದಿರಲಿ. ಕ್ಲಚ್ ಬಿಡುತ್ತಾ ಬಾ, ಮೂತಿ ಸ್ವಲ್ಪ ಎತ್ತಿದಂತಾಗುತ್ತದೆ, ಆಗ ಬ್ರೇಕ್ ಬಿಡು. ಸನ್ನೆ ಮಾಡುವಾಗ ಮೊಣಕೈ ಮಡಚಬೇಡ, ಹಿಂದಿನವನಿಗೆ ಕಾಣಬೇಕು. ಟೆಸ್ಟಿನ ಸಾಹೇಬರು ಏನು ಕೇಳಿದರೂ ತಕ್ಷಣ ಮಾಡಬೇಡ, ಒಂದು ಉಸಿರು ಬಿಟ್ಟು ಮಾಡು.

ಹಿಂದಕ್ಕೆ ಬಿಡುವುದನ್ನು ಚನ್ನಕೇಶವನ ಹತ್ತಿರ ಕಲಿ. ನನ್ನನ್ನು ಕೇಳಬೇಡ.

ಮಜೀದ್


ಬಾಗಲಗುಂಟೆ
೧೫-೩-೧೯೬೪

ಉಸ್ತಾದ್,

ಫೇಲಾದೆ.

ಹೇಗೆಂದು ಹೇಳುತ್ತೇನೆ, ಬೇರೆ ಯಾರಿಗೆ ಹೇಳಿದರೂ ನಗುತ್ತಾರೆ. ಏರು, ತಿರುವು, ಸನ್ನೆ, ಎಲ್ಲ ಆಯಿತು. ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರ್ ಸಾಹೇಬರು ಗೀಚಿಕೊಳ್ಳುತ್ತಾ “ಪರ್ವಾಗಿಲ್ವೇ” ಎಂದರು. ಆಮೇಲೆ “ಆ ಡ್ರಮ್ ಮಧ್ಯೆ ಹಿಂದಕ್ಕೆ ಬಿಡಪ್ಪ” ಎಂದರು. ರಿವರ್ಸ್ ಗೇರಿಗೆ ಹಾಕಿದೆ. ಅಷ್ಟು ನೆನಪಿದೆ. ನನ್ನ ಕೈ ಬಾಗಿಲು ತೆಗೆಯಿತು, ಕಾಲು ನೆಲ ಮುಟ್ಟಿತು. ನೋಡಿದರೆ ಲಾರಿಯ ಹಿಂದೆ ನಿಂತು, ಬಾಡಿ ತಟ್ಟುತ್ತಾ, “ಬರ್ಲಿ, ಬರ್ಲಿ, ರೈಟ್” ಎಂದು ಕೂಗುತ್ತಿದ್ದೇನೆ! ಲಾರಿಯೂ ಬರುತ್ತಿತ್ತು ಉಸ್ತಾದ್. ಒಂದು ಸಲ ಜಿಗಿದು, ಆಫ್ ಆಗದೆ, ನಿಧಾನವಾಗಿ ನನ್ನ ಮೇಲೆ ಬರುತ್ತಿತ್ತು. ಬಲಗಡೆಯ ಕನ್ನಡಿಯಲ್ಲಿ ಖಾಲಿ ಸೀಟು ಕಂಡಿತು. ಸಾಹೇಬರು ಆ ಕಡೆಯಿಂದ ಬಿದ್ದು ಹ್ಯಾಂಡ್ ಬ್ರೇಕ್ ಎಳೆದರು.

ಮೈದಾನದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ನಗಲಿಲ್ಲ. “ಯಾರ್ನ ಸಾಯಿಸ್ಬೇಕು ಅಂತಿದ್ದೆ?” ಎಂದರು.

ಇನ್ನೊಂದು ಸಲ ಏಪ್ರಿಲ್ ಒಂಬತ್ತಕ್ಕೆ ಕರೆದಿದ್ದಾರೆ. ಯುಗಾದಿಗೆ ನಾಲ್ಕು ದಿನ ಮುಂಚೆ. ಅದು ಬಿಟ್ಟರೆ ಬೇರೆ ದಿನವಿಲ್ಲ. ಕೃಷ್ಣಯ್ಯನವರು ಆಗಲೇ ಒಬ್ಬ ಡ್ರೈವರನ್ನು ನೋಡಿಟ್ಟಿದ್ದಾರೆ, ನಿನ್ನೆ ಅವನು ಬಂದು ರೂಮಿನ ಬಾಗಿಲಲ್ಲಿ ನಿಂತು ಶೀಟು ಸೋರುತ್ತದೆಯೇ ಎಂದು ಮುನಿಶಾಮಮ್ಮನನ್ನೇ ಕೇಳಿದ. ಅವಳು “ಎರಡು ಕಡೆ” ಎಂದು ತೋರಿಸಿಯೂ ಬಂದಳು. ಈಗ ಪಾತ್ರೆಗಳನ್ನು ಒಂದೊಂದಾಗಿ ಗೋಣಿಗೆ ಹಾಕುತ್ತಿದ್ದಾಳೆ. ಎಲ್ಲಿಗೆಂದು ಇಬ್ಬರಿಗೂ ಗೊತ್ತಿಲ್ಲ.

ಸಬೀರಮ್ಮ, ಇಲ್ಲಿಂದ ಮುಂದಿನದನ್ನೂ ಗಟ್ಟಿಯಾಗಿಯೇ ಓದು. ನಿಲ್ಲಿಸಬೇಕೆನ್ನಿಸುತ್ತದೆ, ನಿಲ್ಲಿಸಬೇಡ.

ನಾನು ಕೋರ್ಟಿನಲ್ಲಿ ಹೇಳಿದ್ದು ಸುಳ್ಳು.

ಆ ದಿನ ಬೆಳಿಗ್ಗೆ ಗೊರಗುಂಟೆಪಾಳ್ಯದ ಹತ್ತಿರ ರಸ್ತೆ ಖಾಲಿಯಿತ್ತು. “ಉಸ್ತಾದ್, ಒಂದು ಫರ್ಲಾಂಗು ನನಗೂ ಸ್ಟೇರಿಂಗ್ ಕೊಡು” ಎಂದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದೆ. ನೀನು ನಕ್ಕುಬಿಟ್ಟೆ. “ನಿಂಗ್ಯಾಕೋ ಅದು, ಟೈರ್ ತಟ್ಕೊಂಡ್ ಇರು” ಎಂದೆ. ನಿನಗೆ ತಮಾಷೆ. ನನಗೆ ಗೋದಾಮು ಬರುವವರೆಗೂ ಹೊಟ್ಟೆ ಉರಿಯಿತು. ಅದಕ್ಕೆ ನಾನು ಇಳಿಯಲಿಲ್ಲ. ಎಡಗಡೆ ಫುಟ್‌ಬೋರ್ಡಿನ ಮೇಲೆ ನಿಂತು, ಹಿಂದೆ ತಿರುಗಿಯೂ ನೋಡದೆ, “ಬರ್ಲಿ, ಬರ್ಲಿ” ಎಂದೆ. ಪಿಳ್ಳಣ್ಣ ಕಿರುಚಿದ ಮೇಲೆ ಇಳಿದು ಓಡಿದೆ. ಜನ ಸೇರುವ ಹೊತ್ತಿಗೆ ನಾನು ಹಿಂದೆಯೇ ನಿಂತಿದ್ದೆ, ಮೊದಲಿನಿಂದಲೂ ಅಲ್ಲೇ ಇದ್ದವನಂತೆ. ನಮ್ಮ ಲಾರಿಯ ಆಗಿನ ಧಣಿ ಪಕ್ಕಕ್ಕೆ ಕರೆದು “ಹೋಲ್ಡಾನ್ ಅಂದೆ, ಅವನು ನಿಲ್ಲಿಸಲಿಲ್ಲ ಅಂತ ಹೇಳು. ಇಲ್ದಿದ್ರೆ ಇಬ್ರೂ ಒಳಗೆ” ಎಂದರು. ಹೇಳಿದೆ. ಕಟಕಟೆಯಲ್ಲಿ ನೀನು ನನ್ನ ಕಡೆ ನೋಡಲಿಲ್ಲ, ಎದುರು ಮಾತೂ ಆಡಲಿಲ್ಲ.

ರಿವರ್ಸ್ ಗೇರು ಬಿದ್ದ ಸದ್ದಿಗೆ ನನ್ನ ಕಾಲು ತಾನಾಗಿ ಇಳಿಯುತ್ತದೆ. ಆ ಒಂದು ದಿನ ಬಿಟ್ಟು ಎಲ್ಲ ದಿನವೂ ಇಳಿದಿದೆ. ಏನು ಮಾಡಲಿ ಹೇಳು.

ಚಿಕ್ಕಮಾರಯ್ಯ


ಹಿರಿಯೂರು
೨೯-೩-೧೯೬೪

ಚಿಕ್ಕಮಾರಯ್ಯನವರೇ,

ಓದಿದೆ. ಗಟ್ಟಿಯಾಗಿಯೇ ಓದಿದೆ, ನಿಲ್ಲಿಸಲಿಲ್ಲ. ಮುಗಿದ ಮೇಲೆ ಅವರು ಎದ್ದು ಅಂಗಡಿಗೆ ಹೋದರು. ನಾನು ಅಲ್ಲೇ ಕೂತಿದ್ದೆ.

ಆ ಆರು ತಿಂಗಳು ವಾರಕ್ಕೊಂದು ಸಲ ಜೈಲಿನ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದೆ. ಒಂದು ಸಲ ನೀವು ಬಂದು ನನ್ನ ಕೈಗೆ ಎರಡು ಬಾಳೆಹಣ್ಣು ಕೊಟ್ಟು, “ಧೈರ್ಯ ತಗೋ ತಂಗಿ” ಎಂದು ಹೋದಿರಿ. ನಾನು ಅವನ್ನು ತಿಂದೆ. ಹಸಿವಾಗಿತ್ತು, ಅಲ್ಲೇ ನಿಂತು ಎರಡನ್ನೂ ತಿಂದೆ. ನಿಮ್ಮ ಕಾಗದ ಬಂದಾಗಿನಿಂದ ನನಗೆ ನೆನಪಾಗುತ್ತಿರುವುದು ಅದೊಂದೇ.

ನಿಮಗೆ ಉತ್ತರ ಬರೆಯುವುದಿಲ್ಲ ಎಂದಿದ್ದೆ. ಒಂದು ವಾರ ಬರೆಯಲೂ ಇಲ್ಲ. ನಿನ್ನೆ ಅವರು ಬಂದು ಎದುರಿಗೆ ಕೂತು, “ನಂದೂ ಒಂದು ಮಾತಿದೆ, ಬರಿ. ಕೇಳಿದ ಮೇಲೆ ನನ್ನೂ ಬೈಯಿ” ಎಂದರು. ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ.

ಮಾರಯ್ಯ, ನೀನು ಫುಟ್‌ಬೋರ್ಡಿನ ಮೇಲಿದ್ದೀಯೆಂದು ನನಗೆ ಆಗಲೇ ಗೊತ್ತಿತ್ತು. ದಿನಾ ನಿನ್ನ ದನಿ ಹಿಂದಿನಿಂದ ಬರುತ್ತಿತ್ತು, ಆ ದಿನ ಕಿವಿಯ ಪಕ್ಕದಿಂದ ಬಂತು. ಮುನಿಸಿಕೊಂಡಿದ್ದಾನೆ, ಗೋಡೆಗೆ ತಾಗಲಿ, ಧಣಿಯ ಮುಂದೆ ಇವನ ಮರ್ಯಾದೆ ತೆಗೆಯೋಣ ಎಂದುಕೊಂಡೆ. ಗೊತ್ತಿದ್ದೇ ಬಿಟ್ಟೆ. ತಾಗಿದ್ದು ಗೋಡೆಯಲ್ಲ. ಕೋರ್ಟಿನಲ್ಲಿ ನಾನು ಸುಮ್ಮನಿದ್ದದ್ದು ನಿನ್ನನ್ನು ಉಳಿಸಲಿಕ್ಕಲ್ಲ. ಬಾಯಿ ತೆರೆದಿದ್ದರೆ ಇದೂ ಹೊರಗೆ ಬರುತ್ತಿತ್ತು. ಸ್ಟೇರಿಂಗ್ ಮುಟ್ಟದೆ ಇರುವುದೂ ಅದಕ್ಕೇ.

ಈಗ ಪಾಠ ಕೇಳು. ಬಲಗಡೆ ತಲೆ ಹೊರಗೆ ಹಾಕಿದರೆ ಬಲಭಾಗ ಕಾಣುತ್ತದೆ. ಕನ್ನಡಿಯಲ್ಲಿ ಇನ್ನು ಸ್ವಲ್ಪ ಕಾಣುತ್ತದೆ. ಎಡಗಡೆಯ ಹಿಂಭಾಗ ಯಾವ ಡ್ರೈವರಿಗೂ ಕಾಣುವುದಿಲ್ಲ, ಕಾಣುತ್ತದೆ ಎಂದವನು ಸುಳ್ಳುಗಾರ. ಕಾಣದಿದ್ದರೆ ನಿಲ್ಲಿಸು. ನ್ಯೂಟ್ರಲ್ಲಿಗೆ ತಾ. ಹ್ಯಾಂಡ್ ಬ್ರೇಕ್ ಎಳೆ. ಇಂಜಿನ್ ಆರಿಸು. ಆಮೇಲೆ ಇಳಿ, ಹಿಂದೆ ಸುತ್ತಿ ನೋಡು, ಹತ್ತಿ ಬಿಡು. ನಿನ್ನ ಕಾಲು ಇಳಿಯಬೇಕೆಂದರೆ ತಡೆಯಬೇಡ, ಬ್ರೇಕ್ ಎಳೆದು ಇಳಿಸು. ಪಕ್ಕದಲ್ಲಿ ಯಾವ ಸಾಹೇಬರು ಕೂತಿದ್ದರೂ ಸರಿ.

ಅವರು ಹೇಳಿದ್ದು ಇಷ್ಟು. ನಿಮ್ಮಿಬ್ಬರ ಹಟಕ್ಕೆ ಆ ಮನುಷ್ಯನ ಕಾಲು ಹೋಯಿತು. ಇಬ್ಬರಲ್ಲಿ ಯಾರನ್ನು ಮೊದಲು ಬೈಯಬೇಕೋ ತಿಳಿಯದೆ ಒಲೆ ಹಚ್ಚಿದ್ದೇನೆ. ಇನ್ನು ಮುಂದೆ ನಿಮ್ಮ ಕಾಗದಗಳನ್ನು ಯಾರ ಹತ್ತಿರ ಓದಿಸಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ.

ಸಬೀರಾ


ಟೆಸ್ಟಿನ ಮೈದಾನ
೯-೪-೧೯೬೪, ಮಧ್ಯಾಹ್ನ

ಉಸ್ತಾದ್,

ಇದನ್ನು ಯಾರು ಓದುತ್ತಿದ್ದಾರೋ ಗೊತ್ತಿಲ್ಲ. ಯಾರಾದರೂ ಸರಿ. ಸಬೀರಮ್ಮನೇ ಆದರೆ, ತಂಗಿ, ಆ ಬಾಳೆಹಣ್ಣು ಕೊಟ್ಟದ್ದು ನನಗೂ ನೆನಪಿದೆ.

ಬೇವಿನ ಮರದ ಕೆಳಗೆ ಕೂತು ಇಟ್ಟಿಗೆ ಚೀಟಿಗಳ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ. ಟೆಸ್ಟು ಆಯಿತು, ಫಲ ಇನ್ನೂ ಹೇಳಿಲ್ಲ. ಹೇಳುವ ಮುಂಚೆಯೇ ಬರೆದುಬಿಡಬೇಕು. ಆಮೇಲೆ ಬರೆದರೆ ಇದು ಬರೀ ಲೈಸೆನ್ಸು ಬಂತು, ಬರಲಿಲ್ಲ ಎನ್ನುವ ಕಾಗದವಾಗುತ್ತದೆ.

ಸೋಮವಾರ ಪಿಳ್ಳಣ್ಣನ ಹತ್ತಿರ ಹೋಗಿದ್ದೆ. ತಟ್ಟೆಯ ಮುಂದೆ ಕೂತು, ನಾನು ಇಳಿಯದೇ ಇದ್ದದ್ದನ್ನು ಹೇಳಿದೆ. ನಿನ್ನ ಮಾತನ್ನು ಹೇಳಲಿಲ್ಲ, ಅದು ನೀನು ಹೇಳಬೇಕಾದದ್ದು. ಅವನು ಬೀಡಿ ಕಟ್ಟುಗಳನ್ನು ಸರಿಮಾಡುತ್ತಲೇ ಇದ್ದ. ತಮಾಷೆ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. “ಇದ್ಕೆ ಈಗ ನಾನೇನ್ ಮಾಡ್ಬೇಕು?” ಎಂದ. ಆಮೇಲೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. “ಓಗು ಮಾರಣ್ಣ. ಗಿರಾಕಿ ಬರೋ ಒತ್ತು” ಎಂದ. ಎದ್ದು ಬಂದೆ.

ಇವತ್ತು ಅದೇ ಸಾಹೇಬರು. ನನ್ನನ್ನು ನೋಡಿದ ಕೂಡಲೇ “ಓ, ನೀನಾ!” ಎಂದು ಒಂದು ಕೈಯನ್ನು ಮೊದಲೇ ಹ್ಯಾಂಡ್ ಬ್ರೇಕಿನ ಮೇಲೆ ಇಟ್ಟುಕೊಂಡು ಕೂತರು. ಎಲ್ಲ ಆಯಿತು, ಕೊನೆಗೆ ಡ್ರಮ್ಮು. ರಿವರ್ಸಿಗೆ ಹಾಕಿದೆ. ಕಾಲು ಕ್ಲಚ್ಚಿನ ಮೇಲೆಯೇ ಇತ್ತು. ತಲೆ ಹೊರಗೆ ಹಾಕಿ ಬಲಗಡೆಯ ಡ್ರಮ್ಮು ನೋಡುತ್ತಾ ಬಿಟ್ಟೆ. ಅರ್ಧ ದೂರ ಹೋದ ಮೇಲೆ ಎಡಗಡೆಯದು ಕಣ್ಣಿಗೆ ಬೀಳಲಿಲ್ಲ. ಮಾಯವಾಯಿತು. ನಿಲ್ಲಿಸಿದೆ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್. ಬ್ರೇಕಿನ ಮೇಲೆ ಸಾಹೇಬರ ಕೈಯಿತ್ತು, “ಸ್ವಲ್ಪ ಕೈ ತೆಗೀರಿ ಸ್ವಾಮಿ” ಎಂದೆ. ಇಂಜಿನ್ ಆರಿಸಿ ಇಳಿದೆ.

ಮೈದಾನದಲ್ಲಿ ಹಿಂದಿನ ಸಲದವರೇ ಯಾರೋ ಇದ್ದರೆಂದು ಕಾಣುತ್ತದೆ. “ಇಳಿದ, ಇಳಿದ, ತಾತ ಇಳಿದ!” ಎಂದು ಕೇಕೆ ಹಾಕಿದರು. ನಾನು ಹಿಂದೆ ಹೋಗಿ ನೋಡಿದೆ. ಎಡಗಡೆಯ ಡ್ರಮ್ಮಿಗೂ ಬಾಡಿಗೂ ನಡುವೆ ಒಂದು ಗೇಣು. ನಡುವೆ ಯಾರೂ ಇರಲಿಲ್ಲ ಉಸ್ತಾದ್. ಯಾರೂ ಇಲ್ಲವೆಂದು ನೋಡಿಕೊಂಡು ಬಂದು ಹತ್ತಿ, ಉಳಿದರ್ಧ ಬಿಟ್ಟೆ. ತಾಗಲಿಲ್ಲ.

ಸಾಹೇಬರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. “ಟೆಸ್ಟಲ್ಲಿ ಇಳಿದು ನೋಡ್ಬಹುದು ಅಂತ ನಿಂಗ್ಯಾರಯ್ಯ ಹೇಳಿದ್ದು?” ಎಂದರು.

“ನಮ್ ಉಸ್ತಾದ್ರು ಸ್ವಾಮಿ. ಕಾಣ್ದಿದ್ರೆ ಇಳೀಬೇಕು ಅಂದ್ರು.”

“ಇಳೀದೆ ಬಿಡೋಕೆ ಬರುತ್ತೋ ಇಲ್ವೋ ನೋಡೋದಕ್ಕೇ ಕಣಯ್ಯ ಈ ಟೆಸ್ಟು. ಇದನ್ನ ಪಾಸು ಅಂತ ಬರೀಲೋ, ಫೇಲು ಅಂತ ಬರೀಲೋ? ಹೋಗಿ ಕೂತ್ಕೋ.”

ಕೂತಿದ್ದೇನೆ. ನನಗೆ ರೂಮು ಬೇಕು. ಬೇಡವೆಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಹೊರಡುವಾಗ ಮುನಿಶಾಮಮ್ಮ ಗೋಣಿಯ ಬಾಯಿ ಕಟ್ಟಿರಲಿಲ್ಲ, ದಾರವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಸಾಯಂಕಾಲದವರೆಗೆ ಕಾಯುತ್ತೇನೆ ಎಂದಳು.

ಅಗೋ, ಸಾಹೇಬರು ಎದ್ದು ಹೋಗಿ ಡ್ರಮ್ಮುಗಳನ್ನು ತಾವೇ ನಿಂತು ಸರಿಸುತ್ತಿದ್ದಾರೆ. ಹತ್ತಿರ ಹತ್ತಿರಕ್ಕೆ. ಜವಾನ ಈ ಕಡೆಗೇ ಬರುತ್ತಿದ್ದಾನೆ.

“ಏಯ್, ಬಾಗಲಗುಂಟೆ ಲಾರಿ! ಬಾರಯ್ಯ, ಇನ್ನೊಂದ್ಸಲ ಹಿಂದಕ್ಕೆ ಬಿಡ್ಬೇಕಂತೆ. ಈ ಸಲ ಇಳಿದ್ರೆ ಫೇಲು, ಮೊದ್ಲೇ ಹೇಳು ಅಂದಿದಾರೆ.”

ಕರೆಯುತ್ತಿದ್ದಾನೆ, ನಿಲ್ಲಿಸುತ್ತೇನೆ. ಕಂಡರೆ ಬಿಡುತ್ತೇನೆ ಉಸ್ತಾದ್. ಕಾಣದಿದ್ದರೆ ಇಳಿಯುತ್ತೇನೆ.

ಚಿಕ್ಕಮಾರಯ್ಯ